ಭಾರತೀಯ ಭೂಫಲಕದ ಸನ್ನಿಧಾನಕ್ಕೆ ಬಂದರ್‌ನಿಂದ ಒಂದು ಬಿನ್ನಹ

ಸಕಲ ಬೆಟ್ಟಗುಡ್ಡ, ಹೊಳೆಹಳ್ಳ, ಪೇಟೆಪಟ್ಟಣಗಳನ್ನು ಬೆನ್ನ ಮೇಲೆ ಹೊತ್ತು ದಣಿವರಿಯದ ಮಹಾಮಹಿಮ ಭಾರತೀಯ ಭೂಫಲಕದವರ ಅಡಿದಾವರೆಗಳಿಗೆ, ಮಂಗಳೂರಿನ ಬಂದರ್‌ನಲ್ಲಿ ಮಂಜಿಗಳಿಗೆ ಸರಕು ತುಂಬಿಸಿ ಹೊಟ್ಟೆ ಹೊರೆಯುವ ವಿಧೇಯನ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ಇಲ್ಲಿ ನಾವೆಲ್ಲ ಕ್ಷೇಮ. ತಮಗೆ ಅಡಿಗಳಿವೆಯೋ ಇಲ್ಲವೋ ಎಂಬ ಸಂಶಯ ಬರೆಯುವಾಗ ಬಂತು. ಆದರೆ ಇಷ್ಟು ಸಾವಿರ ಕಿಲೋಮೀಟರ್ ನಡೆದವರಿಗೆ ಇರಲೇಬೇಕು ಎಂದು ಧೈರ್ಯ ಮಾಡಿ ಹಾಗೆಯೇ ಬಿಟ್ಟಿದ್ದೇನೆ.

ಮೊದಲಿಗೆ ಉಪಕಾರ ಸ್ಮರಣೆ. ಒಂದು ಪೈಸೆ ಬಾಡಿಗೆ ಕೇಳದೆ ನಮ್ಮನ್ನೆಲ್ಲ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಈಶಾನ್ಯಕ್ಕೆ ಒಯ್ಯುತ್ತಿದ್ದೀರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಜಿಪಿಎಸ್ ಕೇಂದ್ರ ಉಪಗ್ರಹಗಳ ಸಂಕೇತ ಹಿಡಿದು ಈ ಸಂಗತಿಯನ್ನು ವರ್ಷಗಟ್ಟಲೆಯಿಂದ ಅಳೆಯುತ್ತಿದೆ. 1975ರಲ್ಲಿ ಲೋಕಾರ್ಪಣೆಯಾದ ಪಣಂಬೂರಿನ ಹೊಸ ಬಂದರು ಈಗಾಗಲೇ ಎರಡೂವರೆ ಮೀಟರ್ ಸರಿದಾಗಿದೆ. ಸಂತೋಷ. ಆದರೆ ನಮ್ಮ ದಕ್ಕೆಯಿಂದ ಲಕ್ಷದ್ವೀಪದ ಅಗತ್ತಿಗೆ ನಾಲ್ಕು ಗೋಣಿ ಈರುಳ್ಳಿ ಹೋಗಬೇಕಾದರೆ ಎಷ್ಟು ಕಾಗದ, ಎಷ್ಟು ಸೀಲು, ಎಷ್ಟು ಮೇಜು ಎಂಬುದನ್ನು ತಾವೊಮ್ಮೆ ಬಂದು ನೋಡಬೇಕು. ಒಂದು ಕಚೇರಿಯಲ್ಲಿ (ಹೆಸರು ಬೇಡ, ನಾಳೆಯೂ ಅಲ್ಲಿಗೇ ಹೋಗಬೇಕು) ಗೋಣಿಯ ಲೆಕ್ಕದಲ್ಲಿ ಒಂದು ಅಂಕಿ ತಿದ್ದಿ ಬರೆದದ್ದಕ್ಕೆ ತುಂಬಿದ ಮಂಜಿ ಇಡೀ ದಿನ ಕಟ್ಟಿಹಾಕಿಕೊಂಡು ನಿಂತಿತು. ತಾವು ಒಂದು ದೇಶವನ್ನೇ, ಕುದುರೆಮುಖ ಸಮೇತ, ಸಮಭಾಜಕ ವೃತ್ತ ದಾಟಿಸಿ ತಂದಿರಲ್ಲ ಮಾರಾಯರೇ, ಸೀಲು ಬಿದ್ದ ಒಂದು ಚೀಟಿ ತೋರಿಸಿ ನೋಡುವ.

ತಮ್ಮ ಮನೆತನದ ವಿಚಾರ ಎತ್ತುವುದು ನನ್ನಂಥವನಿಗೆ ಶೋಭೆಯಲ್ಲ. ಆದರೂ ಊರಿಗೆಲ್ಲ ಗೊತ್ತಾದ ಮೇಲೆ ಮುಚ್ಚಿಟ್ಟು ಏನು ಬಂತು? ಆಫ್ರಿಕ, ದಕ್ಷಿಣ ಅಮೆರಿಕ, ಅಂಟಾರ್ಕ್ಟಿಕ, ಆಸ್ಟ್ರೇಲಿಯ, ಮಡಗಾಸ್ಕರ್ ಮತ್ತು ತಾವು, ಎಲ್ಲರೂ ಗೊಂಡ್ವಾನ ಎಂಬ ಒಂದೇ ತರವಾಡು ಮನೆಯವರು. ಸುಮಾರು 18 ಕೋಟಿ ವರ್ಷಗಳ ಹಿಂದೆ ಮನೆಯೊಳಗೆ ಬಿರುಕು ಬಿತ್ತು. ಪಾಲು ಅಳಿಯಕಟ್ಟಿನ ಪ್ರಕಾರ ಆಯಿತೋ ಮಕ್ಕಳಕಟ್ಟಿನ ಪ್ರಕಾರವೋ ನಾನರಿಯೆ. ನಮ್ಮ ಕಡೆಯ ಯಾವ ಪಾಲುಪಟ್ಟಿಯೂ ಇಷ್ಟು ಕಾಲ ಎಳೆದದ್ದಿಲ್ಲ ಎಂಬುದು ಮಾತ್ರ ನಿಜ. ಉಳಿದವರಿಂದೆಲ್ಲ ಬೇರೆಯಾದ ಮೇಲೂ ಮಡಗಾಸ್ಕರ್ ಒಬ್ಬರನ್ನು ಬಹುಕಾಲ ಜೊತೆಯಲ್ಲಿ ಇಟ್ಟುಕೊಂಡಿರಿ. ಅವರ ಮೂಡಣ ಕರಾವಳಿ ನಮ್ಮ ಪಡುವಣ ಕರಾವಳಿಗೆ ತಾಗಿಕೊಂಡೇ ಇತ್ತು. ನಮ್ಮ ದಕ್ಕೆಯ ಎದುರಿನ ಬೆಂಗ್ರೆಯ ಆಚೆ ಈಗ ಸೂರ್ಯ ಮುಳುಗುವಲ್ಲಿ ಆಗ ನೀರಿರಲಿಲ್ಲ, ನೆಲವಿತ್ತು. ಸುಮಾರು 9 ಕೋಟಿ ವರ್ಷಗಳ ಹಿಂದೆ ಅವರನ್ನೂ ಬಿಟ್ಟಿರಿ. ಬಿಡುವ ಗಡಿಬಿಡಿಯಲ್ಲಿ ನಮ್ಮ ಸ್ವತ್ತನ್ನೂ ಅಲ್ಲೇ ಮರೆತಿರಿ. ಮಡಗಾಸ್ಕರಿನ ಈಶಾನ್ಯದಲ್ಲಿ, ಅಂತೊಂಗಿಲ್ ಕೊಲ್ಲಿಯ ಸುತ್ತ ಇರುವ 300 ಕೋಟಿ ವರ್ಷಕ್ಕೂ ಹಳೆಯ ಬಂಡೆಗಳು ನಮ್ಮ ಧಾರವಾಡ ಶಿಲಾಸಮೂಹದ್ದೇ ತುಂಡು ಎಂದು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಕರ್ನಾಟಕದ ಒಂದು ಚೂರು 4 ಸಾವಿರ ಕಿಲೋಮೀಟರ್ ಆಚೆ ಬಿದ್ದುಕೊಂಡಿದೆ. ಕಾಸರಗೋಡಿಗಾಗಿ ಹೋರಾಡಿದವರ ಕಿವಿಗೆ ಇದು ಇನ್ನೂ ಬಿದ್ದಂತಿಲ್ಲ.

ಸೇಶೆಲ್ಸ್ ಎಂಬ ಪುಟ್ಟ ನೆಲದ ವಿಷಯವಂತೂ ಹೇಳುವುದಕ್ಕೇ ಸಂಕೋಚ. ಮಡಗಾಸ್ಕರನ್ನು ಬಿಡುವಾಗ ಅದನ್ನು ಕೈಹಿಡಿದು ಜೊತೆಗೆ ಹೊರಡಿಸಿದಿರಿ. ಎರಡು ಕೋಟಿ ವರ್ಷಕ್ಕೂ ಮಿಕ್ಕಿ ನಡೆಸಿದಿರಿ. ಆಮೇಲೆ ನಡುನೀರಿನಲ್ಲಿ ಬಿಟ್ಟು ಮುಂದೆ ಹೋದಿರಿ. ಆ ದ್ವೀಪಗಳ ಪುಟಾಣಿ ಕಪ್ಪೆಗಳ ದಾಯಾದಿ ಒಂದು ನಮ್ಮ ಘಟ್ಟದ ಮಣ್ಣಿನೊಳಗೆ ಇನ್ನೂ ಇದೆ. ಮೈ ನೇರಳೆ, ಮೂತಿ ಚೂಪು, ವರ್ಷವಿಡೀ ನೆಲದಡಿ ವಾಸ, ಮಳೆ ಹಿಡಿದಾಗ ಕೆಲವೇ ದಿನ ಮೇಲೆ ಬರುವುದು. ಕೇರಳದ ಇಡುಕ್ಕಿಯಲ್ಲಿ ಸಿಕ್ಕ ಇದನ್ನು ಎಸ್.ಡಿ. ಬಿಜು ಮತ್ತು ಅವರ ಬೆಲ್ಜಿಯಂನ ಸಹೋದ್ಯೋಗಿ 2003ರಲ್ಲಿ ಲೋಕಕ್ಕೆ ಪರಿಚಯಿಸಿ, ಇದರ ನಂಟರಿರುವುದು ಸೇಶೆಲ್ಸಿನಲ್ಲಿ ಎಂದಾಗ ಎಲ್ಲರೂ ಹುಬ್ಬೇರಿಸಿದರು. ತಾವು ಮಾತ್ರ ಏನೂ ಆಗದವರಂತೆ ಮಲಗಿದ್ದಿರಿ.

ಮಡಗಾಸ್ಕರಿನಿಂದ ಬೇರೆಯಾದ ಗುರುತನ್ನು ಮಲ್ಪೆಯ ಎದುರಿಗೇ ಇಟ್ಟುಹೋದ ಔದಾರ್ಯವನ್ನು ಹೇಗೆ ಹೊಗಳಲಿ? ನೆಲ ಸೀಳುವ ಕಾಲಕ್ಕೆ ಒಳಗಿಂದ ಉಕ್ಕಿದ ಲಾವಾ ಆರುತ್ತ, ಕುಗ್ಗುತ್ತ, ಉದ್ದುದ್ದ ಬಿರಿದು ಕಂಬಗಳಾಗಿ ನಿಂತದ್ದೇ ಸೇಂಟ್ ಮೇರೀಸ್ ದ್ವೀಪ. ದೋಣಿಯಿಂದಿಳಿದು ಬಗ್ಗಿ ನೋಡಬೇಕು. ಐದು ಮುಖದ್ದು, ಆರು ಮುಖದ್ದು, ಕಂಬದ ತಲೆಗಳು ಒಂದಕ್ಕೊಂದು ಒತ್ತಿಕೊಂಡಿವೆ. ಸಂದಿನಲ್ಲಿ ಬೆರಳು ತೂರುವುದಿಲ್ಲ, ಚಿಪ್ಪಿನ ಚೂರು ತೂರಿಕೊಂಡಿರುತ್ತದೆ. ಬೇರೆ ಬೇರೆ ಪ್ರಯೋಗಾಲಯಗಳು ಬೇರೆ ಬೇರೆ ವಿಧಾನದಲ್ಲಿ ಈ ಕಲ್ಲಿನ ವಯಸ್ಸು ಕಟ್ಟಿ ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷದ ಆಸುಪಾಸು ಎಂದಿವೆ. ಮಡಗಾಸ್ಕರಿನಲ್ಲಿ ಉಕ್ಕಿದ ಲಾವಾದ ವಯಸ್ಸೂ ಅಷ್ಟೇ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಆದರೆ ದೋಣಿಯಲ್ಲಿ ಕೇಳಿಬರುವುದು ವಾಸ್ಕೋ ಡ ಗಾಮನ ಕಥೆ: 1498ರಲ್ಲಿ ಇಲ್ಲಿ ಇಳಿದು ಶಿಲುಬೆ ನೆಟ್ಟು ಹೆಸರಿಟ್ಟನಂತೆ. ಇಳಿದದ್ದು ನಿಜವೇ ಆಗಿದ್ದರೆ ಅವನು ಕಾಲಿಟ್ಟ ಕಲ್ಲು ಅಂದಿನಿಂದ 26 ಮೀಟರ್ ಆಚೆ ಹೋಗಿದೆ. ಬಂದು ಹೋದ ಒಬ್ಬ ನಾವಿಕನಿಗೆ ಅಷ್ಟು ಮರ್ಯಾದೆ, ಹೊಕ್ಕುಳ ಹರಿದುಕೊಂಡು ಹೋದ ಮಡಗಾಸ್ಕರಿನ ಹೆಸರು ಯಾರ ಬಾಯಲ್ಲೂ ಇಲ್ಲ.

ತಾವು ನಡೆದದ್ದು ನನ್ನ ದೂರೇ ಅಲ್ಲ. ನಡೆದೇ ಇಲ್ಲವೆಂಬಂತೆ ಇದ್ದದ್ದು, ತಮ್ಮ ನಡಿಗೆಗೆ ಸಾಕ್ಷಿ ಹೇಳಿದವರನ್ನು ಒಬ್ಬೊಬ್ಬರಾಗಿ ಸಭೆಯಲ್ಲಿ ತಲೆತಗ್ಗಿಸುವಂತೆ ಮಾಡಿದ್ದು, ಇದು ದೂರು. ಕ್ಷಮಿಸಬೇಕು, ಬೆರಗು ಎಂದು ಓದಿಕೊಳ್ಳಿ.

1856ರಲ್ಲಿ ಒಡಿಶಾದ ತಾಲ್ಚೇರಿನಲ್ಲಿ ಬ್ಲಾನ್‌ಫರ್ಡ್ ಸಹೋದರರಿಗೆ ಹಿಮ ಹೊತ್ತುತಂದ ಗುಂಡುಕಲ್ಲುಗಳು ಕಂಡವು. ತಾಲ್ಚೇರಿನ ಬೇಸಿಗೆ ತಿಂದವರು ಅಲ್ಲಿ ಹಿಮ ಹರಿದಿತ್ತು ಎಂದರೆ ನಂಬುತ್ತಾರೆಯೇ? ಆ ಕಲ್ಲುಗಳ ಮೇಲಿನ ಪದರಗಳಲ್ಲಿ ಸಿಕ್ಕ ಗ್ಲಾಸೊಪ್ಟೆರಿಸ್ ಎಲೆಯ ಗುರುತುಗಳು ಆಫ್ರಿಕದಲ್ಲೂ ಆಸ್ಟ್ರೇಲಿಯದಲ್ಲೂ ಸಿಕ್ಕಿದವು. ಆದರೂ ತಾವು ಓಡಿ ಬಂದಿರಬಹುದು ಎನ್ನುವ ಧೈರ್ಯ ಆಗ ಯಾರಿಗೂ ಇರಲಿಲ್ಲ. ನಡುವೆ ಇದ್ದ ನೆಲ ಮುಳುಗಿತು ಎನ್ನುವುದು ಮರ್ಯಾದಸ್ಥರ ಮಾತಾಗಿತ್ತು. ಮಡಗಾಸ್ಕರಿನ ಲೀಮರ್‌ಗಳನ್ನೂ ನಮ್ಮ ಕಡೆಯ ಅವುಗಳ ಬಂಧುಗಳನ್ನೂ ಒಂದು ಮಾಡಲು ಪ್ರಾಣಿಶಾಸ್ತ್ರಜ್ಞ ಫಿಲಿಪ್ ಸ್ಕ್ಲೇಟರ್ 1864ರಲ್ಲಿ ಲೆಮುರಿಯ ಎಂಬ ಖಂಡವನ್ನೇ ಸೃಷ್ಟಿಸಿ ಸಮುದ್ರಕ್ಕೆ ಇಳಿಸಿದರು. ಆ ಲೆಮುರಿಯ ವಿಜ್ಞಾನದಲ್ಲಿ ಸತ್ತು ಎಷ್ಟೋ ಕಾಲವಾದರೂ ತಮಿಳುನಾಡಿನ ಕುಮರಿ ಕಂಡಂ ಕಥೆಯಲ್ಲಿ ಇಂದಿಗೂ ಚೆನ್ನಾಗಿದೆ.

1912ರ ಜನವರಿ 6ರಂದು ಫ್ರಾಂಕ್‌ಫರ್ಟ್‌ನಲ್ಲಿ ಆಲ್‌ಫ್ರೆಡ್ ವೆಗೆನರ್ ಎಂಬ ಮೂವತ್ತೊಂದರ ಹರೆಯದ ಹವಾಮಾನ ತಜ್ಞ ಎದ್ದು ನಿಂತು, ಖಂಡಗಳೇ ಸರಿದಿವೆ ಎಂದರು. 1915ರಲ್ಲಿ ಪುಸ್ತಕವನ್ನೂ ಬರೆದರು. ಹಗುರ ಬಂಡೆಯ ಖಂಡ ಭಾರದ ತಳದೊಳಗೆ ಮುಳುಗುವುದು ಸಾಧ್ಯವಿಲ್ಲ, ಆದ್ದರಿಂದ ಮುಳುಗಿದ ನೆಲದ ಕಥೆ ನಿಲ್ಲುವುದಿಲ್ಲ ಎಂಬುದು ಅವರ ಗಟ್ಟಿ ವಾದ. ಆದರೆ ತಮ್ಮನ್ನು ತಳ್ಳಿದ ಶಕ್ತಿ ಯಾವುದು ಎಂದು ಕೇಳಿದರೆ ಅವರ ಬಳಿ ಇದ್ದ ಉತ್ತರ ಬಡಕಲು. ಭೂಮಿ ತಿರುಗುವ ರಭಸ, ಚಂದ್ರಸೂರ್ಯರ ಸೆಳೆತ ಎಂದರು. ಕೇಂಬ್ರಿಡ್ಜಿನ ಹೆರಾಲ್ಡ್ ಜೆಫ್ರೀಸ್ ಲೆಕ್ಕ ಹಾಕಿ, ಅದು ಎಲ್ಲಿಗೂ ಸಾಲದು ಎಂದರು. ಜೆಫ್ರೀಸ್ ಅವರ ಆ ಲೆಕ್ಕ ಸರಿಯಾಗಿಯೇ ಇತ್ತು, ಅವರನ್ನು ನಾನು ದೂರುವುದಿಲ್ಲ. ಇದೇ ವಿಚಾರಕ್ಕೆ ಸೇರಿದ 1926ರ ನ್ಯೂಯಾರ್ಕ್ ಸಭೆಯಲ್ಲಿ ಆಡಿದವರದ್ದು ಬೇರೆ ಜಾತಿ. ಇದನ್ನು ನಂಬಿದರೆ 70 ವರ್ಷ ಕಲಿತದ್ದನ್ನೆಲ್ಲ ಮರೆತು ಮೊದಲಿನಿಂದ ಶುರುಮಾಡಬೇಕಾಗುತ್ತದೆ ಎಂಬ ಅಳಲು ಆ ಕಾಲದ ಚರ್ಚೆಯಲ್ಲಿ ದಾಖಲಾಗಿದೆ. ಆಗಬೇಕಾದದ್ದೂ ಅದೇ. ವೆಗೆನರ್ ಅದನ್ನು ನೋಡುವ ತನಕ ಉಳಿಯಲಿಲ್ಲ. 1930ರ ನವೆಂಬರಿನಲ್ಲಿ, ಐವತ್ತು ತುಂಬಿದ ಸ್ವಲ್ಪ ದಿನಕ್ಕೆ, ಗ್ರೀನ್‌ಲ್ಯಾಂಡಿನ ಹಿಮದ ನಡುವೆ ಇದ್ದ ಶಿಬಿರಕ್ಕೆ ಸಾಮಾನು ಮುಟ್ಟಿಸಲು ಹೋಗಿ ಮರಳುವ ದಾರಿಯಲ್ಲಿ ತೀರಿಕೊಂಡರು. ಶರೀರ ಸಿಕ್ಕಿದ್ದು ಮುಂದಿನ ಮೇ ತಿಂಗಳಲ್ಲಿ. ಸರಕು ತಲುಪಿಸಲು ಹೋಗಿ ಸತ್ತ ಮನುಷ್ಯ ಎಂಬ ಕಾರಣಕ್ಕೆ ನನಗೆ ಅವರ ಮೇಲೆ ಒಂದು ಕೈ ಹೆಚ್ಚು ಗೌರವ. ಅದಕ್ಕೆ ಒಂದೆರಡು ವರ್ಷ ಹಿಂದೆಯಷ್ಟೇ ಆರ್ಥರ್ ಹೋಮ್ಸ್ ಎಂಬವರು, ಭೂಮಿಯ ಒಳಗಿನ ಬಿಸಿ ಶಿಲೆ ನಿಧಾನವಾಗಿ ಮೇಲೇರಿ ಕೆಳಗಿಳಿಯುತ್ತ ಖಂಡಗಳನ್ನು ಒಯ್ಯುತ್ತಿರಬಹುದು ಎಂದು ಸೂಚಿಸಿದ್ದರು. ಅದನ್ನೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಮೇಲೆ ಬಂದವರಿಗೆ ತಾವು ಮಾಡಿದ ಸತ್ಕಾರವೇನು ಕಡಿಮೆಯೇ? ಲಾವಾ ಆರುವಾಗ ಅದರೊಳಗಿನ ಕಬ್ಬಿಣದ ಕಣಗಳು ಆ ಹೊತ್ತಿನ ಭೂಕಾಂತದ ದಿಕ್ಕು ಹಿಡಿದು ಹಾಗೇ ಗಟ್ಟಿಯಾಗುತ್ತವೆ. ಆ ದಿಕ್ಕಿನ ಓರೆ ಅಳೆದರೆ ಲಾವಾ ಆರಿದ್ದು ಯಾವ ಅಕ್ಷಾಂಶದಲ್ಲಿ ಎಂದು ಹೇಳಬಹುದು. ಎಡ್ವರ್ಡ್ ಇರ್ವಿಂಗ್ ಎಂಬ ಕೇಂಬ್ರಿಡ್ಜಿನ ವಿದ್ಯಾರ್ಥಿ 1950ರ ದಶಕದ ಆರಂಭದಲ್ಲಿ ನಮ್ಮ ದಖ್ಖನಿನ ಕಲ್ಲುಗಳನ್ನೇ ತರಿಸಿ ಅಳೆದು, ಇವು ಸಮಭಾಜಕದ ದಕ್ಷಿಣಕ್ಕೆ ಹುಟ್ಟಿದವು, ಭಾರತ ಉತ್ತರಕ್ಕೆ ಬಂದಿದೆ ಎಂದು ಕಂಡುಕೊಂಡರು. ವೆಗೆನರ್ ಹೇಳಿದ್ದಕ್ಕೆ ಕಲ್ಲಿನೊಳಗಿಂದಲೇ ಸಾಕ್ಷಿ ಬಂದಂತಾಯಿತು. ಅವರ ಮಹಾಪ್ರಬಂಧ 1954ರಲ್ಲಿ ನಪಾಸಾಯಿತು.

ಇನ್ನು ಸಮುದ್ರದಡಿ ಅಡಗಿಸಿಟ್ಟದ್ದರ ವಿಷಯ. 1952ರಲ್ಲಿ ನ್ಯೂಯಾರ್ಕಿನ ಮೇರಿ ಥಾರ್ಪ್, ಹಡಗುಗಳು ಅಟ್ಲಾಂಟಿಕ್ ದಾಟುತ್ತ ತೆಗೆದ ಆಳದ ಅಳತೆಗಳನ್ನು ಸಾಲಾಗಿ ಬಿಡಿಸುತ್ತಿದ್ದರು. ನಡುಸಮುದ್ರದ ಬೆಟ್ಟಸಾಲಿನ ನೆತ್ತಿಯಲ್ಲಿ, ಒಂದು ಗೆರೆಯ ಕೆಳಗೆ ಇನ್ನೊಂದರಂತೆ, ಅದೇ ಜಾಗದಲ್ಲಿ ಒಂದು ಕಚ್ಚು. ನೆಲ ಎರಡು ಕಡೆಗೆ ಸೀಳುತ್ತಿರುವ ಕಣಿವೆ ಇದು ಎಂದರು. ಜೊತೆಯವರಾದ ಬ್ರೂಸ್ ಹೀಜನ್ ಅದನ್ನು ಹೆಂಗಸರ ಹರಟೆ ಎಂದು ತಳ್ಳಿಹಾಕಿದರು. ಭೂಕಂಪದ ಚುಕ್ಕಿಗಳನ್ನು ತಂದು ಅದರ ಮೇಲೆ ಇಟ್ಟಾಗ ಎಲ್ಲವೂ ಆ ಕಚ್ಚಿನ ಮೇಲೇ ಕೂತವು. ಹೆಂಗಸೆಂಬ ಕಾರಣಕ್ಕೆ ಸಮೀಕ್ಷೆಯ ಹಡಗು ಹತ್ತುವ ಅವಕಾಶ ಆಗ ಥಾರ್ಪ್ ಅವರಿಗೆ ಇರಲಿಲ್ಲ. ಹಡಗು ಹತ್ತದವರು ಸಮುದ್ರದ ತಳ ಓದಿದರು, ಹತ್ತಿದವರು ನಂಬಲು ವರ್ಷ ತೆಗೆದುಕೊಂಡರು.

ಈಗ ನಮ್ಮ ಸಮುದ್ರಕ್ಕೆ ಬರುವ, ಏಕೆಂದರೆ ಇಲ್ಲಿ ತಮ್ಮ ಗುಟ್ಟು ಪೂರ್ತಿ ಹೊರಬಿತ್ತು. ಆ ಕಣಿವೆಗಳಲ್ಲಿ ಹೊಸ ತಳ ಹುಟ್ಟಿ ಎರಡೂ ಬದಿಗೆ ಸರಿಯುತ್ತದೆ ಎಂದು ಹ್ಯಾರಿ ಹೆಸ್ 1962ರಲ್ಲಿ ಬರೆದರು. ಅದೇ ವರ್ಷದ ಕೊನೆಗೆ ಬ್ರಿಟಿಷ್ ನೌಕಾಪಡೆಯ ಓವೆನ್ ಎಂಬ ಸಮೀಕ್ಷಾ ಹಡಗು, ಬಂದರ್‌ನಿಂದ ನೈರುತ್ಯಕ್ಕೆ ಒಂದೂವರೆ ಸಾವಿರ ಕಿಲೋಮೀಟರಿಗೂ ಮಿಕ್ಕಿ ದೂರದಲ್ಲಿ, ಕಾರ್ಲ್ಸ್‌ಬರ್ಗ್ ಏಣಿನ ಮೇಲೆ ಕಾಂತಮಾಪಕ ಎಳೆಯುತ್ತ ಹಿಂದೆ ಮುಂದೆ ಓಡಾಡಿತು. (ಡೆನ್ಮಾರ್ಕಿನ ಬಿಯರ್ ಕಂಪನಿಯೇ ಈ ಕಾರ್ಲ್ಸ್‌ಬರ್ಗ್. ಹಿಂದಿನ ಒಂದು ಸಮುದ್ರಯಾನಕ್ಕೆ ಅವರು ಹಣ ಕೊಟ್ಟಿದ್ದರು.) ಆ ಅಳತೆಗಳನ್ನು ಇಟ್ಟುಕೊಂಡು ಡ್ರಮಂಡ್ ಮ್ಯಾಥ್ಯೂಸ್ ಮತ್ತು ಅವರ ವಿದ್ಯಾರ್ಥಿ ಫ್ರೆಡ್ ವೈನ್ 1963ರ ಸೆಪ್ಟೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದರು: ಭೂಕಾಂತ ಆಗಾಗ ಉತ್ತರ ದಕ್ಷಿಣ ಅದಲುಬದಲಾಗುತ್ತದೆ, ಏಣಿನಲ್ಲಿ ಹುಟ್ಟುವ ಲಾವಾ ಪ್ರತಿ ಬದಲನ್ನೂ ಹಿಡಿದಿಟ್ಟು ಎರಡೂ ಬದಿಗೆ ಪಟ್ಟೆಪಟ್ಟೆಯಾಗಿ ಸರಿಯುತ್ತದೆ. ತಮ್ಮ ನಡಿಗೆಯ ಜಾಡು ಅಲ್ಲಿತ್ತು. ಇದನ್ನೇ ಬರೆದು ಕಳಿಸಿದ್ದ ಕೆನಡದ ಲಾರೆನ್ಸ್ ಮಾರ್ಲಿಗೆ ಎರಡು ಪತ್ರಿಕೆಗಳು ಬಾಗಿಲು ಮುಚ್ಚಿದ್ದವು. ಪಾನಗೋಷ್ಠಿಯಲ್ಲಿ ಹರಟಲು ಲಾಯಕ್ಕು, ಅಚ್ಚಿಗೆ ಅಲ್ಲ ಎಂಬರ್ಥದ ಮಾತನ್ನು ಒಬ್ಬ ಪರಿಶೀಲಕ ಬರೆದಿದ್ದ. ಆ ದಿನಗಳಲ್ಲಿ ನಮ್ಮ ದಕ್ಕೆಯವರೂ ಅದೇ ಸಮುದ್ರದ ಮೇಲೆ ಕಣ್ಣಿಟ್ಟು ಕೂತಿದ್ದರು, ಮಂಜಿ ಬಂತೇ ಎಂದು. ಇತ್ತ ಒಂದು ಮಾತು ಹೇಳಿಕಳಿಸಬೇಕೆಂದು ತಮಗೆ ಅನ್ನಿಸಲಿಲ್ಲ.

ನಾನು ಸರಕು ತುಂಬಿಸುವುದು ಲಕ್ಷದ್ವೀಪಕ್ಕೆ. ಹಲಗೆಯ ಮೇಲೆ ಹಮಾಲಿಗಳು ಅಕ್ಕಿ, ತರಕಾರಿ, ಸಿಮೆಂಟು ಹೊತ್ತು ಇಳಿಯುತ್ತಾರೆ, ಕೊನೆಗೆ ಕೂಗುವ ಕೋಳಿಗಳ ಬುಟ್ಟಿ. ಮಳೆಗಾಲಕ್ಕೆ ಮುಂಚೆ ಜಲ್ಲಿಗೆ ಎಲ್ಲಿಲ್ಲದ ಅವಸರ, ಯಾಕೆಂದರೆ ಅಲ್ಲಿ ಕಲ್ಲಿಲ್ಲ. ಇರುವುದು ಹವಳ ಮತ್ತು ಹವಳದ ಮರಳು. ಮನೆಗೆ ತಾರಸಿ ಹಾಕಬೇಕಾದರೆ ಜಲ್ಲಿ ಈ ದಕ್ಕೆ ದಾಟಿಯೇ ಹೋಗಬೇಕು. ಆದರೆ ಆ ಹವಳದ ಕೆಳಗೆ ನೀರಿನಲ್ಲಿ ಒಂದು ಬೆಟ್ಟಸಾಲೇ ಇದೆ, ಮಾಲ್ದೀವ್ಸ್ ಹಾದು ಚಾಗೋಸ್ ತನಕ. ತಾವು ಉತ್ತರಕ್ಕೆ ಹೋಗುವಾಗ ಭೂಮಿಯ ಒಳಗಿನ ಒಂದು ಬಿಸಿ ಬುಗ್ಗೆಯ ಮೇಲೆ ಹಾದಿರಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಅದು ದಖ್ಖನನ್ನೇ ಲಾವಾದಿಂದ ಮುಳುಗಿಸಿತು. ತಾವು ಸರಿದಂತೆ ಬುಗ್ಗೆಯ ಉರಿ ದಕ್ಷಿಣದ ತಳವನ್ನು ತೂತು ಮಾಡುತ್ತ ಬಂತು. 1987ರಲ್ಲಿ ಅಂತಾರಾಷ್ಟ್ರೀಯ ಕೊರೆಯುವ ಹಡಗು ಇಲ್ಲಿಗೆ ಬಂದು ತಳದ ಕಲ್ಲು ಎತ್ತಿತು. ಮಾಲ್ದೀವ್ಸ್ ಬಳಿಯದು ಸುಮಾರು 5.7 ಕೋಟಿ ವರ್ಷ, ಚಾಗೋಸ್ ಬಳಿಯದು ಸುಮಾರು 4.9 ಕೋಟಿ. ದಕ್ಷಿಣಕ್ಕೆ ಹೋದಷ್ಟೂ ಎಳೆಯದು. ಆ ಬುಗ್ಗೆ ಈಗ ರಿಯೂನಿಯನ್ ದ್ವೀಪದ ಕೆಳಗಿದೆ, ಅಲ್ಲಿನ ಜ್ವಾಲಾಮುಖಿ ಇಂದಿಗೂ ಉಗುಳುತ್ತಿದೆ. ಹೀಗೆ ಬುಗ್ಗೆ ನಿಂತಲ್ಲೇ ನಿಂತು ಫಲಕ ಅದರ ಮೇಲೆ ಸರಿಯುವ ವಿಚಾರವನ್ನು 1963ರಲ್ಲಿ ಹವಾಯಿಯ ಬಗ್ಗೆ ಮೊದಲು ಬರೆದವರು ಟೂಜೋ ವಿಲ್ಸನ್. ಊಹಿಸಿದ್ದೀರಿ, ಅವರ ಲೇಖನವೂ ಒಮ್ಮೆ ವಾಪಸು ಬಂದಿತ್ತು.

ಅಷ್ಟು ಕಲ್ಲನ್ನು ಕೈಗೆಟುಕದಂತೆ ಹವಳದ ಕೆಳಗೆ ಬಚ್ಚಿಟ್ಟು, ಮೇಲೆ ಜಲ್ಲಿಗೆ ಬರಗಾಲ ಮಾಡಿದ ತಮ್ಮ ಕೃಪೆಯಿಂದಲೇ ನನ್ನ ಮನೆಯ ಒಲೆ ಉರಿಯುತ್ತಿದೆ. ಇದಕ್ಕೆ ನಾನು ಚಿರಋಣಿ, ವ್ಯಂಗ್ಯವಿಲ್ಲ. ಗೇರುಬೀಜದವರು ಹಾಗೆನ್ನಲಾರರು. ಮಂಗಳೂರಿನ ಗೇರು ಕಾರ್ಖಾನೆಗಳಿಗೆ ಬೇಕಾದ ಹಸಿ ಬೀಜ ಆಫ್ರಿಕದಿಂದ ಹಡಗಿನಲ್ಲಿ ಬರುತ್ತದೆ. ಹಿಂದೆ ಕಾಲ್ನಡಿಗೆಯಲ್ಲಿ ಹೋಗಿ ತರಬಹುದಾಗಿದ್ದ ದೂರಕ್ಕೆ ಅವರು ಈಗ ಡಾಲರಿನಲ್ಲಿ ಬಾಡಿಗೆ ತೆರುತ್ತಾರೆ. ಅವರ ಸಂಘದ ಪರವಾಗಿ ಅಲ್ಲ, ನೆರೆಯವನ ದಾಕ್ಷಿಣ್ಯಕ್ಕೆ ಈ ಮಾತು ಸೇರಿಸಿದ್ದೇನೆ.

ತಮ್ಮ ವೇಗದ ಬಗ್ಗೆ ಒಂದು ಕೊಸರು. ಹಿಂದೆ ವರ್ಷಕ್ಕೆ 15 ಸೆಂಟಿಮೀಟರಿಗೂ ಹೆಚ್ಚು ಓಡಿ, 5 ಕೋಟಿ ವರ್ಷಗಳ ಹಿಂದೆ ಏಷ್ಯಕ್ಕೆ ಹೋಗಿ ಗುದ್ದಿ ಹಿಮಾಲಯ ಎಬ್ಬಿಸಿದವರು ತಾವೇ ಎಂದು ಎಲ್ಲರೂ ಕೊಂಡಾಡುತ್ತಾರೆ. ಆದರೆ ನಮ್ಮ ಅಳಿವೆ ಬಾಗಿಲಿನ ಮರಳು ಒಂದು ಮಳೆಗಾಲದಲ್ಲಿ ಹೋಗುವಷ್ಟು ದೂರ ತಾವು ಸಾವಿರ ವರ್ಷದಲ್ಲಿ ಹೋಗುವುದಿಲ್ಲ. ನೇತ್ರಾವತಿ, ಫಲ್ಗುಣಿ ಸೇರುವಲ್ಲಿ ಬೋಟು ಹೊರತರುವವರನ್ನು ಕೇಳಿ, ನೆಲ ಸರಿಯುತ್ತದೆ ಎಂದು ಅವರಿಗೆ ಫ್ರಾಂಕ್‌ಫರ್ಟಿನಿಂದ ಯಾರೂ ಬಂದು ಹೇಳಬೇಕಾಗಿರಲಿಲ್ಲ.

ಆದರೆ ಏಷ್ಯಕ್ಕೆ ಕೊಟ್ಟ ಆ ಗುದ್ದು ಇನ್ನೂ ಮುಗಿದಿಲ್ಲ. 2004ರ ಡಿಸೆಂಬರ್ 26ರಂದು ಸುಮಾತ್ರದ ಬಳಿ ತಾವು ಒಳಗೆ ಜಾರಿದಿರಿ, ಎರಡು ಲಕ್ಷಕ್ಕೂ ಹೆಚ್ಚು ಜನ ನೀರುಪಾಲಾದರು. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಒಂಬತ್ತು ಸಾವಿರದ ಹತ್ತಿರ. ಇದಕ್ಕೆ ಬರೆಯಲು ನನ್ನ ಬಳಿ ವಿನಯದ ಮಾತಿಲ್ಲ.

ಕೊನೆಗೆ ಕೆಲವು ಅರಿಕೆಗಳು. ಇನ್ನೇನಾದರೂ ತುಂಡು ಬಿಟ್ಟುಹೋಗುವುದಿದ್ದರೆ ಮುಂಚಿತವಾಗಿ ತಿಳಿಸುವುದು, ನಾವು ಸರಕು ಇಳಿಸಿಕೊಳ್ಳುತ್ತೇವೆ. ಸಾಕ್ಷಿ ಹೇಳುವವರು ಬದುಕಿರುವಾಗಲೇ ಸಾಕ್ಷ್ಯ ಒದಗಿಸುವ ಕೃಪೆ ಮಾಡುವುದು. ಮತ್ತೊಂದು ಸಂಗತಿ, ಕೇಳಲು ಮುಜುಗರ. 2012ರ ಏಪ್ರಿಲ್ 11ರಂದು ಸುಮಾತ್ರದ ಪಶ್ಚಿಮಕ್ಕೆ ಸಮುದ್ರದಡಿ 8.6 ತೀವ್ರತೆಯ ಕಂಪನವಾಯಿತು. ಅಂಚಿನಲ್ಲಿ ಅಲ್ಲ, ತಮ್ಮ ಮೈಯ ನಡುವೆ. ತಾವೂ ಆಸ್ಟ್ರೇಲಿಯದವರೂ ಒಂದೇ ಫಲಕವೆಂದು ಪುಸ್ತಕಗಳು ಹೇಳುತ್ತಿದ್ದವು. ಈಗ ಒಳಗೊಳಗೇ ಮತ್ತೆ ಪಾಲಾಗುತ್ತಿದೆ ಎಂದು ಬಲ್ಲವರು ಬರೆದಿದ್ದಾರೆ. ಹಾಗಿದ್ದರೆ ಮುಂದಿನ ಕಾಗದವನ್ನು ಯಾವ ಪಾಲುದಾರರ ಹೆಸರಿಗೆ ಹಾಕಬೇಕೆಂದು ಮರು ಟಪಾಲಿನಲ್ಲಿ ತಿಳಿಸಬೇಕಾಗಿ ಪ್ರಾರ್ಥನೆ.

ಇತಿ ತಮ್ಮ ಬೆನ್ನ ಮೇಲಿನ ವಿಧೇಯ,
ದಕ್ಕೆ ರಸ್ತೆ, ಬಂದರ್, ಮಂಗಳೂರು
(ಇವತ್ತಿನ ಮಟ್ಟಿಗೆ 12° 52′ ಉತ್ತರ, 74° 50′ ಪೂರ್ವ)